ಅಪ್ಪಯ್ಯನ ನಾಲಿಗೆ ಮೇಲೆ ಮೂರು ವಾರದಿಂದ ಬಿಳಿ ಪದರ, ಉರಿ. ಎಲ್ಲರೂ ಉಷ್ಣ ಅನ್ನುತ್ತಿದ್ದಾರೆ. ಯಾರಿಗೆ ತೋರಿಸಬೇಕು?

ಹೊಳೆಯಾಚೆ ಮನೆ (ಶಿರಸಿ), ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನಿಗೆ 71 ವರ್ಷ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ತೋಟದ ಮನೆ. ನಾನು ಮಗಳು, ಆಷಾಢಕ್ಕೆ ತವರಿಗೆ ಬಂದಿದ್ದೇನೆ. ಬಂದ ದಿನವೇ ನೋಡಿದೆ, ಅಪ್ಪಯ್ಯ ಅಪ್ಪೆಹುಳಿ ಮುಟ್ಟುತ್ತಿಲ್ಲ. ಅನ್ನಕ್ಕೆ ಹಾಲು ಹಾಕಿ ಕಲಸಿ, ನಾಲ್ಕು ತುತ್ತು ನುಂಗಿ ಎದ್ದುಬಿಡುತ್ತಾರೆ. ಕೇಳಿದರೆ "ನಾಲಿಗೆ ಉರಿ, ಏನು ತಿಂದರೂ ಹತ್ತಿ ತಿಂದ ಹಾಗೆ" ಅಂದರು.

ಮೊಬೈಲ್ ಟಾರ್ಚ್ ಹಾಕಿ ಬಾಯಿ ನೋಡಿದೆ. ನಾಲಿಗೆ ಮೇಲೆ ಮತ್ತು ಎರಡೂ ಕೆನ್ನೆಯ ಒಳಗೆ ಬಿಳಿ ಬಿಳಿ ಚುಕ್ಕೆ, ಮೊಸರು ಚೆಲ್ಲಿದ ಹಾಗೆ. ಮೂರು ವಾರ ಆಯಿತಂತೆ. ಆಯಿ ಒಂದೆಲಗದ ತಂಬುಳಿ, ಎಳನೀರು, ಪೇರಲೆ ಚಿಗುರು ಎಲ್ಲ ಮಾಡಿದ್ದಾರೆ. ಬಿ ಕಾಂಪ್ಲೆಕ್ಸ್ ಗುಳಿಗೆ ಎರಡು ಸ್ಟ್ರಿಪ್ ಮುಗಿದಿದೆ. ಒಂದು ಕಡೆ ತೋರಿಸಿದ್ದರು, ಅಲ್ಲಿ ಬಾಯಿ ತೆರೆಸಿ ನೋಡಲೇ ಇಲ್ಲವಂತೆ, ಉಷ್ಣ ಅಂತ ಹೇಳಿ ಕಳಿಸಿದರಂತೆ.

ಇನ್ನೂ ಮೂರು ವಿಷಯ ಹೇಳಬೇಕು. ಮಳೆಗಾಲ ಬಂದರೆ ಅವರಿಗೆ ದಮ್ಮು, ದಿನಕ್ಕೆ ಎರಡು ಸಲ ರೋಟಾಹೇಲರ್ (ಔಷಧದ ಪುಡಿಯನ್ನು ಬಾಯಿಂದ ಒಳಗೆಳೆಯುವ ಸಾಧನ) ಎಳೆಯುತ್ತಾರೆ. ಮೇಲಿನ ಸಾಲಿಗೆ ಹಲ್ಲಿನ ಸೆಟ್ಟು ಇದೆ, ಆರು ವರ್ಷ ಆಯಿತು. ಹೋದ ತಿಂಗಳು ಕಫಕ್ಕೆ ಅಂತ ಐದು ದಿನ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು.

ಇದು ನಿಜವಾಗಿ ಉಷ್ಣವಾ? ಹಲ್ಲಿನ ಡಾಕ್ಟರಿಗೆ ತೋರಿಸಬೇಕಾ, ಕಿವಿ ಮೂಗು ಗಂಟಲಿನವರಿಗಾ, ಮಾಮೂಲಿ ಡಾಕ್ಟರಿಗಾ? ಈ ಮಳೆಯಲ್ಲಿ ಅವರನ್ನು ಮೂರು ಕಡೆ ಅಲೆಸಲು ಮನಸ್ಸಿಲ್ಲ.

ಬೆಟ್ಟದ ದಾರಿ (ಸಿದ್ದಾಪುರ), ಸೋಮವಾರ ರಾತ್ರಿ 9:22

ಉಷ್ಣವೇ ತಂಗಿ. ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ನೀರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಒಂದು ವಾರ ಸಾಕು.

ಕುಮಟೆ ಅಕ್ಕೋರು, ಸೋಮವಾರ ರಾತ್ರಿ 9:40

ಅಣ್ಣ, ಮೂರು ವಾರ ತಂಪಿನದ್ದೇ ಕೊಟ್ಟಿದ್ದಾರಲ್ಲ. ಕಡಿಮೆ ಆಗಿಲ್ಲ ಅಂದ ಮೇಲೆ ಬೇರೆ ಏನೋ ಇದೆ.

ತಂಗಿ, ಒಂದು ಕೇಳುತ್ತೇನೆ. ಆ ಬಿಳಿ ಒರೆಸಿದರೆ ಬರುತ್ತದಾ? ಬಂದರೆ ಅಡಿಯಲ್ಲಿ ಯಾವ ಬಣ್ಣ ಇದೆ?

ಯಾಕೆ ಕೇಳಿದೆ ಅಂದರೆ, ನನ್ನ ಮೊಮ್ಮಗಳಿಗೆ ಎರಡು ತಿಂಗಳಿದ್ದಾಗ ಹೀಗೇ ಆಗಿತ್ತು. ನಾವೆಲ್ಲ ಹಾಲು ಕುಡಿದದ್ದು ನಾಲಿಗೆ ಮೇಲೆ ಉಳಿದಿದೆ ಅಂದುಕೊಂಡೆವು. ಮಕ್ಕಳ ಡಾಕ್ಟರು ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿ ತೋರಿಸಿದರು. ಹಾಲಾಗಿದ್ದರೆ ನಾಲಿಗೆ ಮೇಲೆ ಮಾತ್ರ ಇರುತ್ತದೆ, ಒರೆಸಿದರೆ ಸಲೀಸಾಗಿ ಹೋಗುತ್ತದೆ. ಇವಳಿಗೆ ಕೆನ್ನೆಯ ಒಳಗೂ ವಸಡಿನ ಮೇಲೂ ಇತ್ತು. ಒರೆಸಿದಲ್ಲಿ ಕೆಂಪಾಗಿ ಕಂಡಿತು. ಫಂಗಸ್ ಅಂದರು. ಹಾಲು ಕೊಡುವ ತಾಯಿಗೂ ಮೊಲೆತೊಟ್ಟು ಉರಿ ಇತ್ತು, ಇಬ್ಬರಿಗೂ ಔಷಧ ಕೊಟ್ಟರು. ಒಬ್ಬರಿಗೇ ಕೊಟ್ಟರೆ ಅದು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದಂತೆ.

ಹೊಳೆಯಾಚೆ ಮನೆ (ಶಿರಸಿ), ಸೋಮವಾರ ರಾತ್ರಿ 10:15

ಅಕ್ಕೋರೆ, ಈಗಷ್ಟೇ ನೋಡಿದೆ. ಬಿಸಿನೀರಲ್ಲಿ ಅದ್ದಿದ ಮೆತ್ತನೆ ಪಂಚೆ ಬಟ್ಟೆಯ ತುಂಡು ಬೆರಳಿಗೆ ಸುತ್ತಿಕೊಂಡು ಎಡಗೆನ್ನೆಯ ಒಳಗೆ ಒಂದು ಚುಕ್ಕೆ ಮೆಲ್ಲಗೆ ಒರೆಸಿದೆ. ಬಂತು. ಬಟ್ಟೆ ಮೇಲೆ ಒಡೆದ ಹಾಲಿನ ಗಸಿಯ ಹಾಗಿತ್ತು. ಅಡಿಯಲ್ಲಿ ಕೆಂಪು, ಸಿಪ್ಪೆ ಸುಲಿದ ಹಾಗೆ. ಸೂಜಿಮೊನೆಯಷ್ಟು ರಕ್ತವೂ ಕಂಡಿತು. ಅಪ್ಪಯ್ಯ ನನ್ನ ಕೈ ಹಿಡಿದು "ಸಾಕು ಮಾರಾಯ್ತಿ" ಅಂದರು. ಇನ್ನೊಂದು ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಹಲ್ಲಿನ ಡಾಕ್ಟರು (ಹೊನ್ನಾವರ), ಸೋಮವಾರ ರಾತ್ರಿ 10:48

ಇನ್ನು ಒರೆಸಬೇಡಿ. ಒಂದು ಸಲ ನೋಡಿದ್ದು ಸಾಕು. ಕೆರೆದಷ್ಟೂ ಗಾಯ ಆಗುತ್ತದೆ, ಗುಣ ಏನೂ ಆಗುವುದಿಲ್ಲ.

ಬಾಯಿ ನೋಡದೆ ಇದೇ ರೋಗ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಹೇಳಿದ ರೀತಿಗೆ ಮೊದಲು ನೆನಪಾಗುವುದು ಬಾಯಿಯ ಯೀಸ್ಟ್ ಸೋಂಕು. ಥ್ರಷ್ ಅಂತಲೂ ಕರೆಯುತ್ತೇವೆ. ಮಾಡುವುದು ಕ್ಯಾಂಡಿಡಾ ಎಂಬ ಯೀಸ್ಟ್, ಹೆಚ್ಚಿನ ಸಲ ಅದರಲ್ಲಿ ಆಲ್ಬಿಕಾನ್ಸ್ ಎಂಬ ಜಾತಿ. ಇದು ಹೊರಗಿನಿಂದ ಬಂದು ಹಿಡಿಯುವ ಪಿಶಾಚಿಯಲ್ಲ. ಆರೋಗ್ಯವಂತರಲ್ಲೂ ಎಷ್ಟೋ ಜನರ ಬಾಯಲ್ಲಿ ಸುಮ್ನೆ ಇರುತ್ತದೆ. ಅದನ್ನು ಹದ್ದಿನಲ್ಲಿಡುವ ಬ್ಯಾಕ್ಟೀರಿಯಾ, ಎಂಜಲು, ಮೈಯ ಶಕ್ತಿ, ಇವುಗಳಲ್ಲಿ ಒಂದು ಕೈಕೊಟ್ಟರೂ ಬೆಳೆಯುತ್ತದೆ.

ನಿಮ್ಮ ಅಪ್ಪಯ್ಯನಿಗೆ ಒಂದಲ್ಲ, ಮೂರು ಕಾರಣ ಇದೆ. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದಿದೆ. ರೋಟಾಹೇಲರ್ ಔಷಧದಲ್ಲಿ ಸ್ಟಿರಾಯ್ಡ್ ಇದ್ದರೆ ಅದರ ಪುಡಿ ಬಾಯಿ, ಗಂಟಲಲ್ಲಿ ಕೂರುತ್ತದೆ. ಹಲ್ಲಿನ ಸೆಟ್ಟಿನ ಅಡಿಯಲ್ಲಿ ಗಾಳಿ ಇಲ್ಲ, ಎಂಜಲು ಆಡುವುದಿಲ್ಲ, ಯೀಸ್ಟಿಗೆ ಅದು ಬೆಚ್ಚಗಿನ ಮನೆ. ಅವರು ರಾತ್ರಿ ಸೆಟ್ಟು ತೆಗೆದು ಮಲಗುತ್ತಾರಾ? ರೋಟಾಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುತ್ತಾರಾ? ಇವೆರಡು ಕೇಳಿ.

ಯಾರಿಗೆ ತೋರಿಸಬೇಕು ಅಂದರೆ, ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿ. ಸೆಟ್ಟು ತೆಗೆಸಿ ಅಂಗುಳ ನೋಡುತ್ತಾರೆ. ನಿಮ್ಮ ಮಾಮೂಲಿ ಡಾಕ್ಟರಾದರೂ ಸರಿ, ಬಾಯಿ ತೆರೆಸಿ ದೀಪ ಹಾಕಿ ನೋಡುವವರಾಗಿರಬೇಕು. ರೋಟಾಹೇಲರ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಈ ಮಳೆಯಲ್ಲಿ ದಮ್ಮು ಏರಿದರೆ ಅದು ಇದಕ್ಕಿಂತ ದೊಡ್ಡ ತೊಂದರೆ. ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ನೋವಾದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ಆಗ ತಡ ಮಾಡಬೇಡಿ.

ಮುರ್ಡೇಶ್ವರದ ಅಲೆ, ಮಂಗಳವಾರ ಬೆಳಿಗ್ಗೆ 7:05

ಇಷ್ಟಕ್ಕೆ ಡಾಕ್ಟರ್ ಯಾಕೆ? ಔಷಧ ಅಂಗಡಿಯಲ್ಲಿ ಕ್ಲೊಟ್ರಿಮಜೋಲ್ ಮೌತ್ ಪೇಂಟ್ ಸಿಗುತ್ತದೆ. ಸಣ್ಣ ಬಾಟಲಿ. ನನ್ನ ಮಗನಿಗೆ ಹಚ್ಚಿದೆ, ನಾಲ್ಕು ದಿನದಲ್ಲಿ ಹೋಯಿತು.

ಕರಿ ಈಶಾಡು (ಅಂಕೋಲಾ), ಮಂಗಳವಾರ ಬೆಳಿಗ್ಗೆ 8:30

ನಾನು ಔಷಧ ಅಂಗಡಿಯಲ್ಲೇ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಮಾರಿ ದುಡ್ಡು ಮಾಡುವವನೇ ಬೇಡ ಅನ್ನುತ್ತಿದ್ದೇನೆ, ಸ್ವಲ್ಪ ಕೇಳಿ.

ಜನ ವಾಟ್ಸಾಪ್ ಫೋಟೋ ತೋರಿಸುತ್ತಾರೆ, "ಬಾಯಿಗೆ ಹಚ್ಚುವುದು ಏನಾದರೂ ಕೊಡಿ" ಅನ್ನುತ್ತಾರೆ. ಹಚ್ಚಿದರೆ ನಾಲ್ಕು ದಿನಕ್ಕೆ ಮೇಲಿನ ಬಿಳಿ ಹೋಗುತ್ತದೆ. ನಿಲ್ಲಿಸುತ್ತಾರೆ. ಎರಡು ವಾರಕ್ಕೆ ಮತ್ತೆ ಬರುತ್ತಾರೆ. ಬಿಳಿ ಹೋದರೂ ಡಾಕ್ಟರು ಹೇಳಿದಷ್ಟು ದಿನ ಮುಗಿಸಬೇಕು, ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಯಾಕೆ ಬಂತು ಅಂತ ನೋಡದೆ ಬರೀ ಹಚ್ಚುತ್ತಾ ಹೋದರೆ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ.

ಇನ್ನೊಂದು ಭಯದ ವಿಷಯ. ಕೆಲವರು ಫಂಗಸ್‌ಗೆ ನುಂಗುವ ಫ್ಲುಕೊನಜೋಲ್ ಗುಳಿಗೆ ಕೇಳಿಕೊಂಡು ಬರುತ್ತಾರೆ. ಹಾರ್ಟ್ ವಾಲ್ವ್ ಆಪರೇಷನ್ ಆದವರು ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುತ್ತಿರುತ್ತಾರೆ. ಅದರ ಜೊತೆ ಇದು ಸೇರಿದರೆ ರಕ್ತಸ್ರಾವ ಆಗಬಹುದು. ಕೆಲವು ಸಕ್ಕರೆ ಗುಳಿಗೆಗಳ ಜೊತೆ ಸೇರಿದರೆ ಸಕ್ಕರೆ ಧಡಕ್ಕನೆ ಇಳಿಯಬಹುದು. 71 ವರ್ಷದವರಿಗೆ ಏನೇನು ಗುಳಿಗೆ ನಡೆಯುತ್ತಿದೆ ಅಂತ ನೋಡದೆ ಕೊಡುವ ಔಷಧ ಅಲ್ಲ ಅದು.

ಮುರ್ಡೇಶ್ವರದ ಅಲೆ, ಮಂಗಳವಾರ ಬೆಳಿಗ್ಗೆ 8:41

ನನ್ನ ಮಗನಿಗೆ ಏನೂ ಆಗಲಿಲ್ಲವಲ್ಲ.

ಕರಿ ಈಶಾಡು (ಅಂಕೋಲಾ), ಮಂಗಳವಾರ ಬೆಳಿಗ್ಗೆ 8:44

ಮಗನಿಗೆ ಎಷ್ಟು ವರ್ಷ ತಮ್ಮಾ? ಚಿಕ್ಕವರಿಗೂ ವಯಸ್ಸಾದವರಿಗೂ ಒಂದೇ ಲೆಕ್ಕ ಹಾಕಲು ಬರುವುದಿಲ್ಲ. ಮಧ್ಯ ವಯಸ್ಸು ದಾಟಿದವರಿಗೆ ಕಾರಣ ಇಲ್ಲದೆ ಬಾಯಲ್ಲಿ ಯೀಸ್ಟ್ ಬಂದರೆ ಒಳಗೆ ಸಕ್ಕರೆ ಕಾಯಿಲೆ ಕೂತಿರಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಕೊನೆಗೌಡ (ಶಿರಸಿ), ಮಂಗಳವಾರ ಮಧ್ಯಾಹ್ನ 1:15

ನಮಗೆ ತೋಟದವರಿಗೆ ಇದು ಅರ್ಥ ಆಗುವ ಮಾತು. ಕೊಳೆ ಬಂದ ಅಡಿಕೆ ಮೇಲೆ ಬಿಳಿ ಬೂಷ್ಟು ಬರುತ್ತದಲ್ಲ, ಅದೇ ಜಾತಿ. ಮಳೆ ಹಿಡಿದು ಬಿಸಿಲು ಕಾಣದೆ ಹೋದರೆ ಏರುತ್ತದೆ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಹಾಕಿ ಬೋರ್ಡೋ ಹೊಡೆಯುತ್ತೇವೆ. ಮಳೆಗೆ ಮೊದಲೇ ಹೊಡೆದವನ ಅಡಿಕೆ ಕೊನೆ ಉಳಿಯುತ್ತದೆ. ಬಾಯಿಗೂ ಹಾಗೇ, ರೋಟಾಹೇಲರ್ ಎಳೆದ ಕೂಡಲೇ ಮುಕ್ಕಳಿಸಬೇಕು.

ಗೇರುಸೊಪ್ಪೆ, ಮಂಗಳವಾರ ಮಧ್ಯಾಹ್ನ 1:50

ಗೌಡರೇ, ಒಂದು ತಿದ್ದುಪಡಿ. ಕೊಳೆರೋಗ ಮಾಡುವುದು ಫೈಟಾಫ್ತೊರಾ. ನೋಡಲು ಫಂಗಸ್ ಹಾಗೇ ಇದ್ದರೂ ಈಗ ಅದನ್ನು ನಿಜವಾದ ಫಂಗಸ್ ಗುಂಪಿಗೆ ಸೇರಿಸುವುದಿಲ್ಲ. ಕ್ಯಾಂಡಿಡಾ ಮಾತ್ರ ನಿಜವಾದ ಫಂಗಸ್. ಬ್ರೆಡ್ ಉಬ್ಬಿಸುವ, ಶೇಂದಿ ಹುಳಿಸುವ ಯೀಸ್ಟಿನ ದೂರದ ನೆಂಟ.

ಮೊದಲೇ ತಡೆಯಬೇಕು ಎಂಬ ಮಾತು ಪೂರ್ತಿ ಸರಿ.

ಕಾಳಿ ದಂಡೆ (ಕಾರವಾರ), ಮಂಗಳವಾರ ಸಂಜೆ 6:20

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪರೀಕ್ಷೆ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ, ಹೆದರಿಕೆ ಕಡಿಮೆ ಆಗಲಿ.

ಎಷ್ಟೋ ಸಲ ಪರೀಕ್ಷೆಯೇ ಬೇಡ. ಅನುಭವ ಇರುವ ಡಾಕ್ಟರು ನೋಡಿ, ಒರೆಸಿ, ಕಾರಣ ಕೇಳಿ ತೀರ್ಮಾನ ಮಾಡುತ್ತಾರೆ. ಸಂಶಯ ಇದ್ದರೆ, ಔಷಧ ಹಚ್ಚಿದರೂ ಹೋಗದಿದ್ದರೆ, ಅಥವಾ ಮತ್ತೆ ಮತ್ತೆ ಬಂದರೆ ನಮ್ಮ ಹತ್ತಿರ ಕಳಿಸುತ್ತಾರೆ. ಕಟ್ಟಿಗೆಯ ಚಪ್ಪಟೆ ಕಡ್ಡಿಯಿಂದ ಆ ಬಿಳಿಯನ್ನು ಸ್ವಲ್ಪ ಕೆರೆದು ಗಾಜಿನ ಸ್ಲೈಡ್ ಮೇಲೆ ಇಡುತ್ತೇವೆ. ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ, ಶೇಕಡಾ 10ರದ್ದು. ಅದು ಬಾಯಿಯ ಚರ್ಮದ ಕಣಗಳನ್ನು ಕರಗಿಸುತ್ತದೆ, ಫಂಗಸ್ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಣ್ಣ ಮೊಟ್ಟೆಯಾಕಾರದ ಕಾಳುಗಳು ಕಾಣುತ್ತವೆ. ಕೆಲವಕ್ಕೆ ಬದಿಯಲ್ಲಿ ಮೊಗ್ಗು ಒಡೆದಿರುತ್ತದೆ. ಅವುಗಳ ನಡುವೆ ಉದ್ದುದ್ದ ಎಳೆ, ಬಿದಿರಿನ ಹಾಗೆ ಅಲ್ಲಲ್ಲಿ ಗಂಟು ಬಿಗಿದಿರುತ್ತದೆ. ಬರೀ ಕಾಳು ಇದ್ದರೆ ಅದು ಬಾಯಲ್ಲಿ ಸುಮ್ನೆ ಇರುವ ಯೀಸ್ಟ್ ಇರಬಹುದು. ಎಳೆ ಜಾಸ್ತಿ ಕಂಡರೆ ಅದು ಬೆಳೆದು ಹಬ್ಬುತ್ತಿದೆ ಅಂತ ತಿಳಿಯುತ್ತೇವೆ.

ಯಾವ ಜಾತಿ ಅಂತ ಬೇಕಾದರೆ ಕಲ್ಚರ್ ಮಾಡುತ್ತೇವೆ. ಸ್ಯಾಬರೋ ಅಗಾರ್ ಎಂಬ ತಟ್ಟೆಯ ಮೇಲೆ ಸವರಿ ಇಟ್ಟರೆ 24ರಿಂದ 48 ಗಂಟೆಯಲ್ಲಿ ಕೆನೆ ಬಣ್ಣದ ಬೊಟ್ಟುಗಳು ಏಳುತ್ತವೆ. ಆದರೆ ಬರೀ ಕಲ್ಚರ್ ಬಂತು ಅಂತ ರೋಗ ಅನ್ನಲು ಆಗುವುದಿಲ್ಲ, ಬಾಯಲ್ಲಿ ಏನೂ ಕಾಣದವರ ಎಂಜಲಲ್ಲೂ ಬರಬಹುದು. ಬಾಯಿ ನೋಡಿದವರ ಮಾತು, ನಮ್ಮ ರಿಪೋರ್ಟು, ಎರಡೂ ಕೂಡಬೇಕು.

ದಯವಿಟ್ಟು ಒಂದು ಕೆಲಸ ಮಾಡಬೇಡಿ. ಸ್ಯಾಂಪಲ್ ಕೊಡುವ ದಿನ ಬೆಳಿಗ್ಗೆ ಮೌತ್ ಪೇಂಟ್ ಹಚ್ಚಿಕೊಂಡು ಬಂದರೆ ನಮಗೆ ಏನೂ ಕಾಣುವುದಿಲ್ಲ. ಎಷ್ಟು ಜನ ಹಾಗೆ ಬರುತ್ತಾರೆ ಗೊತ್ತಾ?

ತದಡಿ, ಮಂಗಳವಾರ ರಾತ್ರಿ 8:02

ಕೇಳಲು ಸಂಕೋಚ. ಬಾಯಲ್ಲಿ ಫಂಗಸ್ ಬಂದರೆ ಎಚ್‌ಐವಿ ಅಂತಾರಲ್ಲ, ನಿಜವಾ? ನಮ್ಮ ಕೇರಿಯಲ್ಲಿ ಒಬ್ಬರಿಗೆ ಬಂತು ಅಂತ ಅವರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಕಾಳಿ ದಂಡೆ (ಕಾರವಾರ), ಮಂಗಳವಾರ ರಾತ್ರಿ 8:30

ಕೇಳಿದ್ದು ಒಳ್ಳೆಯದಾಯಿತು. ಎಚ್‌ಐವಿ ಇರುವವರಿಗೆ ಥ್ರಷ್ ಬರಬಹುದು, ಅದು ನಿಜ. ಆದರೆ ಥ್ರಷ್ ಬಂದವರಿಗೆಲ್ಲ ಎಚ್‌ಐವಿ ಇರುತ್ತದೆ ಅನ್ನುವುದು ಸುಳ್ಳು. ಹಸುಗೂಸಿಗೆ ಬರುತ್ತದೆ, ಸೆಟ್ಟು ಹಾಕುವ ಅಜ್ಜಿಗೆ ಬರುತ್ತದೆ, ಕೀಮೋ ತೆಗೆದುಕೊಳ್ಳುವವರಿಗೆ ಬರುತ್ತದೆ. ಕಾರಣವೇ ಗೊತ್ತಾಗದೆ ಪದೇ ಪದೇ ಬರುತ್ತಿದ್ದರೆ ಡಾಕ್ಟರು ಎಚ್‌ಐವಿ ಪರೀಕ್ಷೆಯನ್ನೂ ಬರೆಯುತ್ತಾರೆ. ಅದು ಅನುಮಾನ ಅಲ್ಲ, ಕ್ರಮ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಪುಕ್ಕಟೆ ಮಾಡುತ್ತಾರೆ, ಮೊದಲು ಕೂರಿಸಿ ಮಾತಾಡುತ್ತಾರೆ. ರಿಪೋರ್ಟ್ ಗುಟ್ಟಾಗಿ ಇಡಬೇಕು ಅಂತ 2017ರ ಕಾನೂನೇ ಇದೆ.

ಆ ಮನೆಗೆ ನೀವಾದರೂ ಹೋಗಿ. ಒಟ್ಟಿಗೆ ಕೂತು ಚಾ ಕುಡಿದರೆ ಏನೂ ಆಗುವುದಿಲ್ಲ. ಎಚ್‌ಐವಿ ಇದ್ದರೂ ಆಗುವುದಿಲ್ಲ.

ತದಡಿ, ಮಂಗಳವಾರ ರಾತ್ರಿ 8:36

ಹೋಗುತ್ತೇನೆ ಅಕ್ಕಾ.

ಭಟ್ಕಳ ಮಲ್ಲಿಗೆ, ಮಂಗಳವಾರ ರಾತ್ರಿ 9:15

ನನ್ನ ತಾಯಿಗೆ ಬಿಳಿ ಏನೂ ಇರಲಿಲ್ಲ. ಎರಡೂ ಕಟವಾಯಿ ಸೀಳಿ ಕೆಂಪಾಗಿತ್ತು. ಆಕಳಿಸಿದರೆ ರಕ್ತ. ಆರು ತಿಂಗಳು ಬೆಣ್ಣೆ ಹಚ್ಚಿದೆವು. ಕೊನೆಗೆ ತೋರಿಸಿದಾಗ ಅದರಲ್ಲೂ ಕ್ಯಾಂಡಿಡಾ ಇದೆ, ಜೊತೆಗೆ ಬ್ಯಾಕ್ಟೀರಿಯಾವೂ ಇದೆ ಅಂದರು. ರಕ್ತ ನೋಡಿದರೆ ಹಿಮೋಗ್ಲೋಬಿನ್ 7.8. ಕಬ್ಬಿಣದ ಗುಳಿಗೆ ಶುರು ಮಾಡಿದ ಮೇಲೆಯೇ ಕಟವಾಯಿ ಕೂಡಿದ್ದು. ಬಿಳಿ ಇಲ್ಲ ಅಂದ ಮಾತ್ರಕ್ಕೆ ಯೀಸ್ಟ್ ಅಲ್ಲ ಅಂತ ಬಿಡಬೇಡಿ ಅಂತ ಬರೆದೆ.

ಹಲ್ಲಿನ ಡಾಕ್ಟರು (ಹೊನ್ನಾವರ), ಮಂಗಳವಾರ ರಾತ್ರಿ 9:40

ಮಲ್ಲಿಗೆಯವರು ಹೇಳಿದ್ದು ಸರಿ. ಬರೀ ಕೆಂಪಾಗಿ ಬರುವ ಬಗೆಯೂ ಇದೆ. ಸೆಟ್ಟಿನ ಅಡಿಯಲ್ಲಿ ಬರುವುದು ಹೆಚ್ಚಾಗಿ ಅದೇ. ನೋವೂ ಇರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಸಂಚಿ (ಯಲ್ಲಾಪುರ), ಮಂಗಳವಾರ ರಾತ್ರಿ 10:05

ಎಲ್ಲ ಓದಿದೆ. ನನ್ನ ಪ್ರಶ್ನೆ ಬೇರೆ. ನನಗೆ 54. ಎಡಗೆನ್ನೆಯ ಒಳಗೆ ನಾಲ್ಕಾಣೆ ಪಾವಲಿಯಷ್ಟು ಬಿಳಿ ಮಚ್ಚೆ ಇದೆ. ನೀವು ಹೇಳಿದ ಹಾಗೆ ಬಟ್ಟೆ ಸುತ್ತಿ ಒರೆಸಿದೆ. ಬರಲಿಲ್ಲ. ನೋವಿಲ್ಲ, ಉರಿ ಇಲ್ಲ. ವರ್ಷದ ಮೇಲಾಯಿತು. ಹಾಗಾದರೆ ನನ್ನದು ಫಂಗಸ್ ಅಲ್ಲ, ಚಿಂತೆ ಇಲ್ಲ ಅಂತ ಅಲ್ವಾ?

ಹಲ್ಲಿನ ಡಾಕ್ಟರು (ಹೊನ್ನಾವರ), ಮಂಗಳವಾರ ರಾತ್ರಿ 10:09

ಅಲ್ಲ ಅಣ್ಣಾ. ಕವಳ (ಎಲೆ ಅಡಿಕೆ) ಹಾಕುತ್ತೀರಾ? ಎಷ್ಟು ವರ್ಷದಿಂದ? ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ?

ಸಂಚಿ (ಯಲ್ಲಾಪುರ), ಮಂಗಳವಾರ ರಾತ್ರಿ 10:16

ಮೂವತ್ತು ವರ್ಷ ಆಯಿತು. ದಿನಕ್ಕೆ ಎಂಟು ಹತ್ತು. ತಂಬಾಕು ಎಸಳು ಇರುತ್ತದೆ. ಎಡಗಡೆ.

ಹಲ್ಲಿನ ಡಾಕ್ಟರು (ಹೊನ್ನಾವರ), ಮಂಗಳವಾರ ರಾತ್ರಿ 10:31

ಹಾಗಾದರೆ ಈ ಚರ್ಚೆಯಲ್ಲಿ ಎಲ್ಲರಿಗಿಂತ ಮೊದಲು ಡಾಕ್ಟರಿಗೆ ಬಾಯಿ ತೋರಿಸಬೇಕಾದವರು ನೀವು.

ಒರೆಸಿದರೆ ಬರುವ ಬಿಳಿ ಉರಿಯುತ್ತದೆ, ಹೆದರಿಸುತ್ತದೆ, ಔಷಧಕ್ಕೆ ಹೋಗುತ್ತದೆ. ಒರೆಸಿದರೂ ಬಾರದ ಬಿಳಿ ನೋಯುವುದಿಲ್ಲ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಅದು ಲ್ಯೂಕೋಪ್ಲೇಕಿಯಾ ಇರಬಹುದು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಆಗುತ್ತದೆ ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಸಣ್ಣ ತುಂಡು ತೆಗೆದು ಬಯಾಪ್ಸಿಗೆ ಕಳಿಸಬೇಕು. ಕ್ಯಾಂಡಿಡಾದಲ್ಲೂ ಒರೆಸಿದರೆ ಬಾರದ ಬಗೆ ಒಂದಿದೆ, ಅದನ್ನೂ ಬಯಾಪ್ಸಿಯೇ ಹೇಳಬೇಕು. ಬಾಯಿ ಪೂರ್ತಿ ತೆರೆಯಲು ಆಗುತ್ತದಾ? ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದರೆ ಒಳಗೆ ಹೋಗುತ್ತವಾ ನೋಡಿ.

ಸಂಚಿ (ಯಲ್ಲಾಪುರ), ಮಂಗಳವಾರ ರಾತ್ರಿ 10:38

ಎರಡೇ ಹೋಗುತ್ತವೆ.

ಬೆಟ್ಟದ ದಾರಿ (ಸಿದ್ದಾಪುರ), ಬುಧವಾರ ಬೆಳಿಗ್ಗೆ 6:50

ಸುಮ್ನೆ ಜನರನ್ನು ಹೆದರಿಸಬೇಡಿ. ನಮ್ಮ ಅಜ್ಜ 90 ವರ್ಷ ಕವಳ ಹಾಕಿ ಬದುಕಿದರು. ತಂಬಾಕು ಕೆಟ್ಟದ್ದು, ಒಪ್ಪುತ್ತೇನೆ. ಅಡಿಕೆಗೆ ಯಾಕೆ ಹೆಸರು ಕೆಡಿಸುತ್ತೀರಿ? ಇಡೀ ಸೀಮೆ ಅದರ ಮೇಲೆ ನಿಂತಿದೆ.

ಗೇರುಸೊಪ್ಪೆ, ಬುಧವಾರ ಬೆಳಿಗ್ಗೆ 7:20

ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿಗೇ ಸೇರಿಸಿದೆ. ಬಾಯಿ ಬಿಗಿಯುವ ಕಾಯಿಲೆಗೆ ಮುಖ್ಯ ಕಾರಣವೂ ಅಡಿಕೆಯೇ.

ಕೊನೆಗೌಡ (ಶಿರಸಿ), ಬುಧವಾರ ಬೆಳಿಗ್ಗೆ 7:45

ನನ್ನ ಅನ್ನವೂ ಅಡಿಕೆಯದ್ದೇ. ಅಡಿಕೆ ದರದ ಜಗಳ ಬೇರೆ ದಿನ ಆಡೋಣ. ಯಲ್ಲಾಪುರದ ಅಣ್ಣನಿಗೆ ಬಾಯಲ್ಲಿ ಎರಡೇ ಬೆರಳು ಹೋಗುತ್ತಿದೆ. ಅವರು ನಾಳೆ ಹೊರಡಬೇಕಾ, ಎಲ್ಲಿಗೆ ಹೋಗಬೇಕು, ಅದನ್ನು ಮೊದಲು ಹೇಳಿ.

ಕರಿ ಈಶಾಡು (ಅಂಕೋಲಾ), ಬುಧವಾರ ಬೆಳಿಗ್ಗೆ 8:10

ಯಲ್ಲಾಪುರದಿಂದ ಹುಬ್ಬಳ್ಳಿ, ಧಾರವಾಡ ಹತ್ತಿರ. ಅಲ್ಲಿ ಡೆಂಟಲ್ ಕಾಲೇಜು ಇದೆ. ಕರಾವಳಿಯವರಾದರೆ ಮಣಿಪಾಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅಲ್ಲೂ ಶುರು ಮಾಡಬಹುದು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮೊದಲು ದಾರಿಯೇ ನೆನಪಾಗುತ್ತದೆ. ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಎಷ್ಟು ವರ್ಷ ಕೇಳುವುದು!

ದಾಂಡೇಲಿ, ಬುಧವಾರ ಬೆಳಿಗ್ಗೆ 10:30

ನಡುವೆ ಒಂದು ವಿಷಯ ಹೇಳುತ್ತೇನೆ, ನನಗೆ ತುಂಬಾ ಇಷ್ಟದ್ದು. ಬಾಯಿಯ ಯೀಸ್ಟಿಗೆ ಕೊಡುವ ನಿಸ್ಟಾಟಿನ್ ಔಷಧವನ್ನು 1950ರಲ್ಲಿ ಕಂಡುಹಿಡಿದದ್ದು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನ ಸ್ಯಾಂಪಲ್‌ಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ ಹುಡುಕಿದರು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ಆ ಹೆಸರು. 1966ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನೆರೆ ಬಂದು ಹಳೆಯ ಚಿತ್ರಗಳಿಗೆ ಬೂಷ್ಟು ಹಿಡಿದಾಗ ಇದೇ ಔಷಧ ಬಳಸಿ ಉಳಿಸಿದರು.

ಕುಮಟೆ ಅಕ್ಕೋರು, ಬುಧವಾರ ಬೆಳಿಗ್ಗೆ 11:00

ಎಷ್ಟು ಚೆಂದದ ವಿಷಯ! ನಾಳೆ ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಹೇಳುತ್ತೇನೆ.

ಹೊಳೆಯಾಚೆ ಮನೆ (ಶಿರಸಿ), ಶುಕ್ರವಾರ ರಾತ್ರಿ 8:50

ಎರಡು ದಿನ ಕರೆಂಟು ಇರಲಿಲ್ಲ, ಕ್ಷಮಿಸಿ. ಗುರುವಾರ ಅಪ್ಪಯ್ಯನನ್ನು ಶಿರಸಿಯಲ್ಲೇ ಹಲ್ಲಿನ ಡಾಕ್ಟರಿಗೆ ತೋರಿಸಿದೆ.

ಅವರು ಮೊದಲು ಕೇಳಿದ್ದೇ "ಸೆಟ್ಟು ತೆಗೆಯಿರಿ" ಅಂತ. ಅಪ್ಪಯ್ಯ ನನ್ನ ಕಡೆ ನೋಡಿ, ನಾನು ಆಚೆ ತಿರುಗಿದ ಮೇಲೆ ತೆಗೆದರು. ಡಾಕ್ಟರು ನನ್ನನ್ನು ಕರೆದು ದೀಪ ಹಿಡಿದು ತೋರಿಸಿದರು. ಅಂಗುಳದ ಮೇಲೆ ಸೆಟ್ಟು ಕೂರುವಷ್ಟು ಜಾಗ ಮಾತ್ರ ಕಡುಗೆಂಪು. ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಅದರಾಚೆ ಮಾಮೂಲಿ ಬಣ್ಣ. ಅಲ್ಲಿ ಅವರಿಗೆ ನೋವೇ ಇರಲಿಲ್ಲ! ಕೆನ್ನೆಯಿಂದ ಕೆರೆದು ಸ್ಲೈಡಿಗೆ ಕಳಿಸಿದರು. ಸಂಜೆಗೆ ರಿಪೋರ್ಟ್ ಬಂತು. ಕಾಳಿ ದಂಡೆಯ ಅಕ್ಕ ಹೇಳಿದ ಕಾಳು, ಎಳೆ ಎರಡೂ ಇತ್ತು.

ರಾತ್ರಿ ಸೆಟ್ಟು ತೆಗೆಯುತ್ತೀರಾ ಅಂತ ಕೇಳಿದಾಗ ಅಪ್ಪಯ್ಯ ಸುಮ್ಮನಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಹೇಳಿದರು. ರಾತ್ರಿ ಅಣ್ಣನ ಮಕ್ಕಳು ಪಕ್ಕದಲ್ಲಿ ಮಲಗಿ ಕಥೆ ಕೇಳುತ್ತವೆ. ಹಲ್ಲಿಲ್ಲದಿದ್ದರೆ ಮಾತು ಸರಿಯಾಗಿ ಹೊರಡುವುದಿಲ್ಲ, ಮಕ್ಕಳಿಗೆ ಅರ್ಥ ಆಗುವುದಿಲ್ಲ. ಅದಕ್ಕೇ ಆರು ವರ್ಷದಿಂದ ತೆಗೆದೇ ಇಲ್ಲವಂತೆ. ಈಗ ಕಥೆ ಮುಗಿದ ಮೇಲೆ ತೆಗೆದು, ಬ್ರಷ್ಷಿನಲ್ಲಿ ಉಜ್ಜಿ, ನೀರಿನ ಬಟ್ಟಲಲ್ಲಿ ಇಡುವುದು ಅಂತ ಒಪ್ಪಂದ ಆಗಿದೆ. ರೋಟಾಹೇಲರ್ ಆದ ಮೇಲೆ ಮುಕ್ಕಳಿಸಲು ಕಿಟಕಿ ಹತ್ತಿರ ತಂಬಿಗೆ ಇಟ್ಟಿದ್ದೇನೆ.

ಈಶಾಡು ಅಣ್ಣ ಹೇಳಿದ್ದಕ್ಕೆ ಸಕ್ಕರೆ ಪರೀಕ್ಷೆಯನ್ನೂ ಕೇಳಿ ಮಾಡಿಸಿದೆ. ಖಾಲಿ ಹೊಟ್ಟೆಗೆ 171. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8.1. ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. "ನಾನು ಸಿಹಿ ತಿನ್ನುವುದು ಕಡಿಮೆ, ನನಗೆಲ್ಲಿ ಸಕ್ಕರೆ" ಅನ್ನುತ್ತಿದ್ದಾರೆ. ಸೋಮವಾರ ಅದಕ್ಕೆ ಬೇರೆ ಡಾಕ್ಟರಿಗೆ ತೋರಿಸುತ್ತೇವೆ.

ಕರಿ ಈಶಾಡು (ಅಂಕೋಲಾ), ಶುಕ್ರವಾರ ರಾತ್ರಿ 9:05

ಖಾಲಿ ಹೊಟ್ಟೆಗೆ 126, ಎಚ್‌ಬಿಎ1ಸಿ 6.5 ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಎರಡೂ ದಾಟಿದೆ. ಈಗಲಾದರೂ ಸಿಕ್ಕಿತಲ್ಲ. ಬಾಯಿಗೆ ನಿಸ್ಟಾಟಿನ್ ಕೊಟ್ಟಿದ್ದರೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅದರ ಜೊತೆಗೇ ಹಾಕಬೇಡಿ, ಒಂದು ಇನ್ನೊಂದರ ಬಲ ಕೆಡಿಸುತ್ತದೆ.

ಬೆಟ್ಟದ ದಾರಿ (ಸಿದ್ದಾಪುರ), ಶುಕ್ರವಾರ ರಾತ್ರಿ 9:30

ತಂಗಿ, ಕೊತ್ತಂಬರಿ ನೀರು ಅಂತ ಮೊದಲು ಹೇಳಿದವನು ನಾನು. ಮನಸ್ಸಿಗೆ ಬೇಜಾರಾಯಿತು. ನಮ್ಮ ಮನೆಯಲ್ಲೂ ಸೆಟ್ಟು ಇದೆ, ಹೆಂಡತಿಗೆ. ಈಗ ತೆಗೆಸಿ ನೋಡಿದೆ. ಅಂಗುಳ ನೀವು ಬರೆದ ಹಾಗೇ ಕೆಂಪಗಿದೆ. ನಾಳೆ ಕರೆದುಕೊಂಡು ಹೋಗುತ್ತೇನೆ. ಶಿರಸಿಯ ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ?

ಹೊಳೆಯಾಚೆ ಮನೆ (ಶಿರಸಿ), ಶುಕ್ರವಾರ ರಾತ್ರಿ 9:34

ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ವಿಳಾಸ ಬೇರೆಯಾಗಿ ಕಳಿಸಿದ್ದೇನೆ ಅಣ್ಣ.

ಸಂಚಿ (ಯಲ್ಲಾಪುರ), ಹದಿನೆಂಟು ದಿನದ ನಂತರ, ಸಂಜೆ 5:40

ಧಾರವಾಡಕ್ಕೆ ಹೋಗಿ ಬಂದೆ. ತುಂಡು ತೆಗೆದರು, ಜಾಗ ಮರಗಟ್ಟಿಸಿದ್ದರಿಂದ ನೋವಾಗಲಿಲ್ಲ, ಎರಡು ಹೊಲಿಗೆ ಹಾಕಿದರು. ಇವತ್ತು ರಿಪೋರ್ಟ್ ಬಂತು. ಲ್ಯೂಕೋಪ್ಲೇಕಿಯಾ. ಕಣಗಳಲ್ಲಿ ಸ್ವಲ್ಪ ಬದಲಾವಣೆ ಶುರುವಾಗಿದೆ, ಕ್ಯಾನ್ಸರ್ ಅಲ್ಲ ಅಂದರು. ಬಾಯಿ ಬಿಗಿದದ್ದು ಅಡಿಕೆಯಿಂದಲೇ ಅಂದರು, ಅದಕ್ಕೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಕವಳ ಪೂರ್ತಿ ಬಿಡಬೇಕು.

ಒಂಬತ್ತು ದಿನ ಆಯಿತು ಬಿಟ್ಟು. ಊಟ ಆದ ಕೂಡಲೇ ಕೈ ಸಂಚಿಗೆ ಹೋಗುತ್ತದೆ. ಹೆಂಡತಿ ಅದರೊಳಗೆ ಲವಂಗ, ಏಲಕ್ಕಿ, ಬಡೆಸೊಪ್ಪು ತುಂಬಿ ಇಟ್ಟಿದ್ದಾಳೆ. ಅದು ನಡೆಯುತ್ತದಾ ಡಾಕ್ಟರೇ?

ಹಲ್ಲಿನ ಡಾಕ್ಟರು (ಹೊನ್ನಾವರ), ಅದೇ ದಿನ ರಾತ್ರಿ 8:15

ಏಲಕ್ಕಿ, ಬಡೆಸೊಪ್ಪು ಆಗಬಹುದು. ಲವಂಗ ಬೇಡ, ಆ ಕೆನ್ನೆಗೆ ಖಾರ. ಏನೇ ಆದರೂ ಎಡಗಡೆ ಇಟ್ಟುಕೊಂಡು ಕೂರಬೇಡಿ. ತಡೆಯಲು ಆಗದ ದಿನ 1800 11 2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಪುಕ್ಕಟೆ ನಂಬರು. ಮೂರು ತಿಂಗಳ ತಾರೀಖು ಇಲ್ಲಿ ಬರೆದು ಹಾಕಿ, ನಾವೂ ನೆನಪು ಮಾಡುತ್ತೇವೆ.

ಕೊನೆಗೌಡ (ಶಿರಸಿ), ಅದೇ ದಿನ ರಾತ್ರಿ 8:40

ಸಂಚಿಯಲ್ಲಿ ಸುಣ್ಣದ ಡಬ್ಬಿ ಇನ್ನೂ ಇದ್ದರೆ ಅದನ್ನೂ ತೆಗೆದಿಡಿ ಅಣ್ಣಾ. ಅದು ಕೈಗೆ ಸಿಕ್ಕರೆ ಎಲೆ ನೆನಪಾಗುತ್ತದೆ.

ಸಂಚಿ (ಯಲ್ಲಾಪುರ), ಅದೇ ದಿನ ರಾತ್ರಿ 8:52

ಇತ್ತು. ಈಗ ತೆಗೆದು ಅಟ್ಟದ ಮೇಲೆ ಇಟ್ಟೆ.